ಶಾಲೆ ಬಿಟ್ಟ ಕಾರಣ

ಚಹಾ ಬ್ಯಾಡ್ರಿ, ಶಮ್ಶುನ್ನೀಸಾ. ನೀರಷ್ಟ ಸಾಕು. ಏಳಬ್ಯಾಡ್ರಿ ನೀವು, ಹೊಲೀರಿ, ಹೊಲೀರಿ... ಅಷ್ಟುದ್ದ ಸೂಜಿ ಗಾದ್ಯಾಗ ಅರ್ಧಕ್ಕ ನಿಂತೈತಿ. ನಾ ಇಲ್ಲೇ ಈ ಅರಳೀ ಗಂಟಿನ ಮ್ಯಾಲೆ ಕುಂದರ್ತೇನಿ. ಏನಾಗಂಗಿಲ್ಲ, ಸೀರಿಗೆ ಹತ್ತಿದ್ರ ಝಾಡಿಸಿದ್ರಾತು.

ಯಾಕ ನಗ್ತೀರಿ? "ನೀವು" ಅಂದದ್ದಕ್ಕ? ಹೌದು... ಊರಾಗಿದ್ದಾಗ "ಏ ಶಮ್ಶು" ಅಂತಿದ್ದೆ. ಸಾಲೀ ಬಾಗಿಲಾಗ ನಿಂತು, ಎಲ್ಲಾರ ಮುಂದ. ನೀವು ಊರು ಬಿಟ್ಟು ಏಳು ವರ್ಷ ಎರಡು ತಿಂಗಳ ಆತು. ಇಷ್ಟು ದಿನದಾಗ ನಾನೂ ಒಂದೀಟು ಕಲ್ತೇನಿ ಅಂತ ತಿಳೀರಿ.

ಒಳಗ ಮಷೀನಿನ ಸಪ್ಪಳ... ನಿಷತ ಏನ್ರಿ? ದಿಂಬಿನ ಚೀಲಾ ಹೊಲ್ಯಾಕತ್ತಾಳ? ಕರೀಬ್ಯಾಡ್ರಿ. ಈಗ ಬ್ಯಾಡ. ಮೊದಲ ನಿಮ್ಮ ಜೋಡಿ ಮಾತಾಡ್ತೇನಿ. ಗೈಬುಸಾಬ ಎಲ್ಲಿ? ಇಂಡಿಗೆ? ಮದವಿ ಮನಿ ಗಾದಿ ಹಿಂಜಾಕ? ಛಲೋ ಆತು... ಅಂದ್ರ, ಅಂವ ಇಲ್ಲಂತ ಅಲ್ಲ, ಕೆಲಸ ಸಿಕ್ಕೈತಲ್ಲ, ಅದಕ್ಕ ಅಂದೆ.

ಬಾಗಿಲ ಹತ್ರ ಇರೋ ಗಾದಿ? ನಂದಽ. ಬಸ್ಸಿನ ಮ್ಯಾಲೆ ಹಾಕಿಸಿ ತಂದೆ. ದೇವರ ಹಿಪ್ಪರಗಿ ಸ್ಟ್ಯಾಂಡಿನಾಗ ಕಂಡಕ್ಟರ್ ಕೇಳ್ದ, "ಅಕ್ಕೋರ, ಗಾದಿ ಹೊತಗೊಂಡು ಸಿಂದಗ್ಯಾಗ ಮಲಗಾಕ ಹೊಂಟೀರೇನು?" ಅಂತ. ಮಂದಿ ನಕ್ರು. ನಾನೂ ನಕ್ಕೆ. ನಗಲಿಲ್ಲಂದ್ರ ಮತ್ತ ಕೇಳ್ತಾರ, ಯಾರ ಗಾದಿ, ಎಲ್ಲಿಗೆ, ಯಾಕ...

ಅದು ಆಮ್ಯಾಲೆ. ಮೊದಲ ಈ ಕಾಗದ.

ಇಲ್ಲಿ ನೋಡ್ರಿ, ಗಾದಿ ಮ್ಯಾಲೆ ಹರವ್ತೇನಿ. ಇದು ಹತ್ತನೇತ್ತೆ ಪರೀಕ್ಷಾದ್ದು. ಸಾಲಿಗೆ ಹೋಗದಽ, ಹೊರಗಿನಿಂದ ಕುಂದರಬಹುದು. ಹದಿನೈದು ವರ್ಷ ಆಗಿರಬೇಕು. ನಿಷತಗ ಹದಿನಾರು ತುಂಬೈತಿ, ಹುಟ್ಟಿದ ತಾರೀಖು ನಾನಽ ರಜಿಸ್ಟರಿನಾಗ ಬರದದ್ದು, ನೆನಪೈತಿ. ಫಾರ್ಮು ತುಂಬೇನಿ, ಫೀ ಕಟ್ಟೇನಿ, ಫೋಟೋ ಒಂದು ಹಚ್ಚಬೇಕು. ಅದರ ಜೋಡಿ ಈ ಎರಡನೇ ಹಾಳಿ, ಸಾಲೀ ದಾಖಲಾತಿ. ಇದನ್ನ ನಮ್ಮ ಸಾಲ್ಯಾಂದ ನಾನಽ ತಯಾರ ಮಾಡಿ ತಂದೇನಿ. ಗುರಲಿಂಗಪ್ಪ ಮಾಸ್ತರು ರಿಟೈರ ಆದಮ್ಯಾಲೆ ಈಗ ಹೆಡ್‌ಮಾಸ್ತರ್ ನಾನಽ. ಇಲ್ಲಿ ನಿಷತಳ ಸಹಿ. ಇಲ್ಲಿ, ಕೆಳಗ, ಪಾಲಕರದು. ಹೆಬ್ಬಟ್ಟು ನಡೀತೈತಿ, ಸ್ಟ್ಯಾಂಪ್ ಪ್ಯಾಡ್ ತಂದೇನಿ, ನೋಡ್ರಿ. ನಿನ್ನೆ ಮಸಿ ಹಾಕೇನಿ.

ಇವತ್ತಽ ಕಡೀ ದಿನ. ಸಂಜಿ ಐದಕ್ಕ ಇಲ್ಲೀ ಆಫೀಸ್ ಮುಚ್ಚತಾರ. ಇವತ್ತು ಹ್ವಾದ್ರ ಮುಂದಿನ ವರ್ಷ, ಮುಂದಿನ ವರ್ಷ ಅಂದ್ರ... ನಿಮಗೂ ಗೊತ್ತೈತಿ, ಹದಿನೇಳು ತುಂಬಿದ ಹುಡುಗೀನ ಪರೀಕ್ಷಾಕ್ಕ ಯಾರು ಬಿಡ್ತಾರ? ಅಕಿ ನಾಕನೇತ್ತ್ಯಾಗಽ ಗುಣಾಕಾರ ಬಾಯಾಗ ಮಾಡಾಕಿ. ಮೂವತ್ತೊಂಬತ್ತು ಹುಡುಗ್ರಾಗ ಅಂಥಾಕಿ ಒಬ್ಬಾಕಿ. ನಾ ಪುಸ್ತಕಾನೂ ತಂದೇನಿ, ಚೀಲದಾಗ ಅದಾವ. ನಮ್ಮ ಸುನಂದಾನ್ವು. ಎಲ್ಲಾಕ್ಕೂ ರಟ್ಟು ಹಾಕೇನಿ.

ಸೂಜಿ ನಿಂದರಸಬ್ಯಾಡ್ರಿ... ಹೂಂ. ಹೌದು. ಸುನಂದಾ.

ನಿಮಗ ಯಾರು ಹೇಳಿದ್ರು? ಅಬ್ದುಲರಜಾಕ ಹೇಳಿದ್ನಾ, ಬಸ್ ಸ್ಟ್ಯಾಂಡಿನ ಬಳಿ ಹಣ್ಣಿನಂವ? ಅಂವಗ ಎಲ್ಲಾ ಊರಿನ ಸುದ್ದಿ ಬೇಕು. ಹನ್ನೊಂದು ತಿಂಗಳ ನಾಕು ದಿನ ಆತು. ಕಾಮಣಿ ಆಗಿತ್ತು. ಕಣ್ಣು ಅರಿಷಿಣ ಆದಾಗ ನಾ ಪರೀಕ್ಷಾ ಪೇಪರ್ ನೋಡಾಕತ್ತಿದ್ದೆ... ಬಿಜಾಪುರದ ದವಾಖಾನ್ಯಾಗ ಒಂಬತ್ತು ದಿನ. ಹತ್ತನೇ ದಿನ ಮಗಳು ಇಲ್ಲ. ಮಣ್ಣು ಮಾಡಿದ ಮೂರನೇ ದಿನಾನಽ ನಾ ಸಾಲಿಗೆ ಹೋದೆ. ಮನ್ಯಾಗ ಏನು ಮಾಡ್ಲಿ? ಹಾಜರಿ ಕರದೆ. ಹುಡುಗ್ರು ಎಲ್ಲಾ "ಹಾಜರ್ರೀ" ಅಂದ್ವು.

ಇರಲಿ ಬಿಡ್ರಿ. ಅದಕ್ಕ ಬಂದಿಲ್ಲ ನಾ.

ಬಂದದ್ದು ಈ ಸಹಿಗೆ. ಮತ್ತ ಆ ಗಾದಿಗೆ... ಅದು ಸುನಂದಾಂದು. ಸತ್ತವರ ಹಾಸಗಿ ಮನ್ಯಾಗ ಇಡಬಾರದು, ಕೊಟ್ಟುಬಿಡು ಅಂತ ನಮ್ಮತ್ತಿ ದಿನಾ ಅಂತಾರ. ಕೊಡಾಕ ಆಗವಲ್ತು. ಹಿಂಜಿ, ಎರಡು ದಿಂಬು ಮಾಡಿ ಕೊಡ್ರಿ. ಹೊಲಿಗಿ ಗುರ್ತು ಸಿಕ್ತೇನು? ನಿಮ್ಮದಽ ಕೈ. ಅಕಿ ಸಾಲಿಗೆ ಹೊಂಟ ವರ್ಷ ಗೈಬುಸಾಬ ನಮ್ಮ ಪಡಸಾಲ್ಯಾಗ ಕುಂತು ಅರಳಿ ಹಿಂಜಿದ, ನೀವು ಹೊಲದ್ರಿ. ನಿಷತ, ಸುನಂದಾ ಇಬ್ಬರೂ ಅರಳೀ ಗುಡ್ಡದಾಗ ಬಿದ್ದು ಹೊಳ್ಳಾಡಿ, ಎದ್ದು ಬಂದ್ರ ಇಬ್ಬರೂ ಮುದುಕ್ಯಾರಂಗ ಬೆಳ್ಳಗ...

ಆ ವರ್ಷ ಊರೆಲ್ಲಾ ನೀವು ಮಾಡಿದ ಗಾದಿ ಸುಟ್ರು. ನಾ ಸುಡಲಿಲ್ಲ ನೋಡ್ರಿ. ಅದೊಂದು ನನಗ ಸಮಾಧಾನ. ಶ್ರೀಶೈಲಪ್ಪಗೌಡ್ರು ನಡಬೀದ್ಯಾಗ ನಾಕು ಗಾದಿ ಹಾಕಿ ಚಿಮಣೀಎಣ್ಣಿ ಸುರುವಿದ್ರು, ಅವರ ಆಳು ಗುರಣ್ಣ ಕಡ್ಡಿ ಕೊರದ. ಮಂದಿ ತಮ್ಮ ತಮ್ಮ ಗಾದಿ ಹೊತ್ತು ತಂದು ಅದರಾಗ ಒಗದ್ರು. ನಮ್ಮತ್ತೀನೂ ಅಂದ್ರು, "ಒಗೀ, ಆ ಗಾದಿ ಮಾಡಾವರ ಮನಿಯಿಂದಽ ರೋಗ ಬಂದೈತಿ." ನಾ ಒಲ್ಲೆ ಅಂದೆ. ಗಾದಿಯಿಂದ ಅದು ಬರಂಗಿಲ್ಲ ಅಂದೆ. ಗಟ್ಟಿಯಾಗಿ ಅಂದೆ.

ಯಾಕ ಹಂಗ ನೋಡ್ತೀರಿ?

...ಹೌದು, ಮನ್ಯಾಗಷ್ಟ ಅಂದೆ. ಬೀದ್ಯಾಗ ಅನಲಿಲ್ಲ.

ಬೀದ್ಯಾಗ ಅಂದಿದ್ರ ಯಾರು ಕೇಳ್ತಿದ್ರು, ಶಮ್ಶುನ್ನೀಸಾ? ಅವತ್ತಿನ ಗದ್ದಲಾ ನಿಮಗ ಗೊತ್ತಿಲ್ಲೇನು? ಶ್ರೀಶೈಲಪ್ಪಗೌಡ್ರ ಮೊಮ್ಮಗಳ ತಲ್ಯಾಗ ಗಜಕರ್ಣ ಆಗಿತ್ತು. ಎಂಟಾಣೆ ಅಗಲ, ದುಂಡಗ, ಕೂದಲಾ ಮುರದು, ಜ್ವಾಳಾ ಕೊಯ್ದ ಹೊಲದಾಗ ಕೂಳಿ ನಿಂತಂಗ. ಗೌಡ್ರು ಸಾಲಿಗೆ ಬಂದು ಬಡಿಗಿ ಕುಟ್ಟಿದ್ರು. "ಯಾರ ತಲಿಯಿಂದ ಬಂತು? ಹೇಳ್ರಿ ಅಕ್ಕೋರ, ಯಾರ ತಲಿಯಿಂದ?" ಗುರಲಿಂಗಪ್ಪ ಮಾಸ್ತರ ಬಾಯಾಗಿನ ಎಲಿಅಡಿಕಿ ನಿಂತಬಿಡ್ತು. ನನ್ನ ಕಡೆ ನೋಡಿದ್ರು. ವರ್ಗ ನಂದು. ಸೋಮವಾರ ಇತ್ತು, ಹೆಂಗಾದ್ರೂ ಉಗುರು, ತಲಿ ನೋಡೋ ದಿನ. ಸಾಲಾಗಿ ನಿಲ್ಲಿಸಿದೆ. ಒಂದೊಂದ ತಲಿ ಬೆಳಕಿಗೆ ಹಿಡದು ನೋಡಿದೆ. ಹದಿನಾಲ್ಕನೇದು ನಿಷತ. ಕಿವಿ ಹಿಂದ, ಬಲಕ್ಕ.

"ಇದು" ಅಂದೆ. ಅಷ್ಟಽ. ಒಂದು ಮಾತು.

ಆಮ್ಯಾಲೆ ಆ ಚೀಟಿ. "ಸಾಂಸರ್ಗಿಕ ರೋಗ ಇರುವುದರಿಂದ ಗುಣವಾದ ಬಗ್ಗೆ ವೈದ್ಯರ ಪ್ರಮಾಣಪತ್ರ ತರುವವರೆಗೆ ಮಗುವನ್ನು ಶಾಲೆಗೆ ಕಳಿಸಬಾರದು." ಮಾಸ್ತರು ಹೇಳಿದ್ರು, ನಾ ಬರದೆ. ನನ್ನ ಅಕ್ಷರ. ಅದನ್ನ ಮುಚ್ಚಿಡಾಕ ಬಂದಿಲ್ಲ ನಾ, ನಿಮ್ಮ ಮುಂದ ಒಪ್ಪಗೋತೇನಿ, ತಪ್ಪು. ನಿಮ್ಮ ಮಗಳ ಕೈಯಾಗ ಚೀಟಿ ಕೊಟ್ಟು ಕಳಸಬಾರದಿತ್ತು. ನಾನಽ ನಿಮ್ಮ ಮನಿಗೆ ಬರಬೇಕಿತ್ತು. ಬರಲಿಲ್ಲ. ಓಣಿ ಮಂದಿ ನೋಡ್ತಾರಂತ ಬರಲಿಲ್ಲ.

ನೋಡ್ರಿ, ಈಗ ಸೂಜಿ ನಡೀತು. ಇಷ್ಟು ನಿಮಗ ಗೊತ್ತಿದ್ದದ್ದಽ.

ಪ್ರಮಾಣಪತ್ರ! ಎಲ್ಲಿಂದ ತರ್ತಿದ್ರಿ ನೀವು? ಆಸ್ಪತ್ರ್ಯಾಗ ನೀಲಿ ಔಷಧ ಹಚ್ಚಿ ಕಳಿಸಿದ್ರು ಅಂತ ಕೇಳಿದ್ದೆ. ದೂರ ನಿಂದರಿಸಿ, ಕಡ್ಡಿಗೆ ಅರಳಿ ಸುತ್ತಿ ಹಚ್ಚಿದ್ರಂತ... ಹೌದಾ? ಮುಟ್ಟಲೇ ಇಲ್ಲಾ? ಆಮ್ಯಾಲೆ ನಾಲತವಾಡದ ನಿಮ್ಮ ಅಕ್ಕ ತಗಚೀ ಸೊಪ್ಪು ಅರದು ಕಟ್ಟಿದ್ಳು. ಆಮ್ಯಾಲೆ ಯಾರೋ ಹೇಳಿದ್ರಂತ ಬ್ಲೇಡಿನಿಂದ ಕೆರದು ಚಿಮಣೀಎಣ್ಣಿ. ಅದಽ ಚಿಮಣೀಎಣ್ಣಿ, ಒಂದು ದಿನ ಗಾದೀ ಮ್ಯಾಲೆ, ಒಂದು ದಿನ ಕೂಸಿನ ತಲೀ ಮ್ಯಾಲೆ... ತಲಿ ಬಾತು ಕೀವು ಹಿಡೀತು. ಬಿಡ್ರಿ, ಹೇಳಬ್ಯಾಡ್ರಿ. ನಿಮ್ಮನ್ನ ಅನ್ನಂಗಿಲ್ಲ ನಾ. ನಿಮಗ ಯಾರು ಹೇಳಿಕೊಟ್ರು? ತಲೀದಕ್ಕ ಮ್ಯಾಲೆ ಏನು ಹಚ್ಚಿದ್ರೂ ಹೋಗಂಗಿಲ್ಲ. ಕೂದಲಿನ ಬುಡದಾಗ ಕುಂತಿರ್ತೈತಿ ಅದು. ನುಂಗೋ ಗುಳಿಗೀನಽ ಬೇಕು. ದಿನಾ ಒಂದು, ಎಂಟು ವಾರ, ತುಪ್ಪದ ಊಟದ ಬೆನ್ನಿಗೆ ತಗೋಬೇಕು, ಬರೀ ಹೊಟ್ಟ್ಯಾಗ ತಗೊಂಡ್ರ ಮೈಗೆ ಹತ್ತಂಗಿಲ್ಲ. ನಡುವ ಗುಣ ಆದಂಗ ಕಾಣ್ತೈತಿ, ಆದ್ರೂ ಬಿಡಬಾರದು, ಎಂಟು ವಾರ ಅಂದ್ರ ಎಂಟು...

ಏನು?

...ಪುಸ್ತಕದಾಗ ಓದೇನಿ. ಆರೋಗ್ಯದ ಪಾಠ ಕಲಸ್ತೇವಲ್ಲ.

ತುಪ್ಪದ ಮಾತು ಪುಸ್ತಕದಾಗ ಇರ್ತೈತೇನು ಅಂತ ಕೇಳ್ತೀರೇನು? ಕೇಳಲಿಲ್ಲ ನೀವು. ಆದ್ರ ಸೂಜಿ ನಿಂತೈತಿ.

ಒಂದು ಗುಟುಕು ನೀರು...

ಸಾಲಾಗಿ ನಿಲ್ಲಿಸಿದೆ ಅಂದೆನಲ್ಲ. ಹಾಜರಿ ಅವತ್ತು ಮೂವತ್ತೊಂಬತ್ತು. ನಾ ನೋಡಿದ್ದು ಮೂವತ್ತೆಂಟು ತಲಿ. ಏಳು ವರ್ಷದಿಂದ ಈ ಒಂದು ಲೆಕ್ಕ ಯಾರಿಗೂ ಹೇಳಿಲ್ಲ. ನಮ್ಮನಿಯವ್ರಿಗೂ.

ಸುನಂದಾಗ ಮೊದಲ ಆಗಿತ್ತು. ಜುಲೈದಾಗ. ನೆತ್ತಿಗಿಂತ ಒಂದೀಟು ಹಿಂದ, ಎರಡು ಜಡಿ ಹಾಕಿ ಮಡಚಿ ರಿಬ್ಬನ್ ಕಟ್ಟಿದ್ರ ಕಾಣ್ತಿರಲಿಲ್ಲ. ಅದಕ್ಕ ದಿನಾ ನಾನಽ ಕಟ್ಟತಿದ್ದೆ. ಆಗಸ್ಟ್ ಹತ್ತಕ್ಕ ಬಿಜಾಪುರಕ್ಕ ಕರಕೊಂಡು ಹೋದ್ವಿ, ಚರ್ಮದ ಡಾಕ್ಟರ್ ಹತ್ರ. ಕನ್ನಡಕಾ ಹಾಕ್ಕೊಂಡು, ಬರೀ ಕೈಲೆ ಅಕಿ ಕೂದಲಾ ಸರಿಸಿ ನೋಡಿದ್ರು, ಮುಟ್ಟಿ ನೋಡಿದ್ರು... "ಇದು ಭಾಳ ಸಣ್ಣ ಮಾತು ಅಕ್ಕೋರ. ಗುಳಿಗಿ ಕೊಟ್ರ ಹೋಗ್ತೈತಿ. ಆದ್ರ ತಲಿ ಬಾಚೋ ಹಣಗಿ ಬ್ಯಾರೆ ಇಡ್ರಿ. ಮತ್ತ ಅಕಿ ಜೋಡಿ ಆಡೋ ಹುಡುಗ್ಯಾರ ತಲೀನೂ ನೋಡ್ರಿ, ಅವರಿಗೂ ಇದಽ ಗುಳಿಗಿ" ಅಂದ್ರು. ಅಂದ್ರು ಶಮ್ಶುನ್ನೀಸಾ, ಹಿಂಗಽ ಅಂದ್ರು. ನನಗ ಒಂದಕ್ಷರ ಮರತಿಲ್ಲ.

ಐದು ದಿನಕ್ಕ ಆಗಸ್ಟ್ ಹದಿನೈದು. ಕೋಲಾಟಕ್ಕ ಆರು ಹುಡುಗ್ಯಾರು. ನಸುಕಿನ್ಯಾಗ ಸಾಲೀ ಕಟ್ಟೀ ಮ್ಯಾಲೆ ಕುಂದರಿಸಿ ನಾನಽ ಎಲ್ಲಾರ ತಲಿ ಬಾಚಿದೆ. ಝೇಂಡಾ ಏರಿಸೋ ಹೊತ್ತಾಗಿತ್ತು, ಮಾಸ್ತರು ಒದರಾಕತ್ತಿದ್ರು. ಚೀಲದಾಗ ಕೈ ಹಾಕಿದ್ರ ಒಂದಽ ಹಣಗಿ. ಮೊದಲ ಸುನಂದಾ. ಎರಡನೇದು ನಿಷತ. ಮೂರನೇದು ಗೌಡ್ರ ಮೊಮ್ಮಗಳು.

ಹಣಗಿ ನಂದು.

ಸಪ್ಟಂಬರದಾಗ ಅವರಿಬ್ಬರ ತಲ್ಯಾಗ ಬಂತು. ಗೌಡ್ರ ಕೂಸು ಜೀಪಿನ್ಯಾಗ ಕುಂತು ಸೊಲ್ಲಾಪುರಕ್ಕ ಹೋತು, ದೀಪಾವಳಿಗೆ ಕೂದಲಾ ಬಂದ್ವು. ಸುನಂದಾನ ಎಂಟು ವಾರ ಅಕ್ಟೋಬರ್ ಐದಕ್ಕ ಮುಗೀತು. ಮೂರು ತಲಿ, ಒಂದಽ ರೋಗ. ಎರಡಕ್ಕ ಗುಳಿಗಿ ಸಿಕ್ವು. ನಮ್ಮನ್ಯಾಗ, ಟ್ರಂಕಿನ ಮ್ಯಾಲೆ, ಗುಳಿಗೀ ಚೀಟಿ ಇತ್ತು. ಹೆಸರು, ಪ್ರಮಾಣ, ಎಲ್ಲಾ ಬರದದ್ದು. ಅದನ್ನ ನಕಲು ಮಾಡಿ ನಿಮ್ಮ ಬಾಗಿಲದಾಗ ಒಗದು ಬಂದಿದ್ರೂ ಸಾಕಿತ್ತು. ಹೆಸರಿಲ್ಲದ ಚೀಟಿ. ಎರಡು ಸಲ ಬರದೆ. ಎರಡೂ ಸಲ ಹರದೆ. ನನ್ನ ಅಕ್ಷರ ಊರಾಗ ಎಲ್ಲಾರಿಗೂ ಗುರ್ತು. ಇಕಿಗೆ ಹೆಂಗ ಗೊತ್ತು ಅಂತ ಕೇಳಿದ್ರ? ಯಾರ ತಲಿಯಿಂದ ಬಂತು ಅಂತ ಮತ್ತ ಕೇಳಿದ್ರ?

ಬೈರಿ ನನಗ. ಏನಾದ್ರೂ ಅನ್ರಿ. ಆ ಸೂಜಿ ತಗೊಂಡು ಚುಚ್ಚರಿ.

ಒಂದು ಮಾತು. ನಿಮ್ಮ ಮಾರಿ ಯಾಕ ಬದಲಾಗಲಿಲ್ಲ?

ನಾ ಇದನ್ನ ಬಸ್ಸಿನ್ಯಾಗ ಕುಂತು ಮೂರು ಸಲ ಮನಸಿನ್ಯಾಗಽ ಹೇಳಿಕೊಂಡು ಬಂದೇನಿ. ನೀವು ಚೀರತೀರಿ, ಎದಿ ಬಡಕೋತೀರಿ, ಹೊರಗ ನಡೀ ಅಂತೀರಿ... ಇಷ್ಟೆಲ್ಲಾ ಲೆಕ್ಕ ಹಾಕಿದ್ದೆ. ಇದನ್ನ ಹಾಕಿರಲಿಲ್ಲ. ನೀವು ಬೆಚ್ಚಲೇ ಇಲ್ಲ.

ನಿಮಗ ಗೊತ್ತಿತ್ತು.

...ಯಾವಾಗಿಂದ? ನಿಷತ ಹೇಳಿದ್ಳಾ? ಅಕಿಗೆ ಹೆಂಗ... ಹಾಂ. ಮಧ್ಯಾಹ್ನ. ಮಧ್ಯಾಹ್ನ ಆಟಾ ಆಡಿ ಜಡಿ ಬಿಚ್ಚಿಹೋದ್ರ ಸುನಂದಾ ನನ್ನ ಕಡೆ ಬರ್ತಿರಲಿಲ್ಲ, ಬೈತೇನಿ ಅಂತ. ನಿಷತಳ ಕಡೆ ಹೋಗ್ತಿದ್ಳು. ರಿಬ್ಬನ್ ನಿಷತ ಕಟ್ಟತಿದ್ಳು. ಅಕಿ ನೋಡ್ಯಾಳ. ಜುಲೈದಾಗಽ ನೋಡ್ಯಾಳ. ನಾ ಕಟ್ಟಿದಂಗ ಅಚ್ಚುಕಟ್ಟಾಗಿ, ಆ ಜಾಗಾ ಮುಚ್ಚೂಹಂಗ ಕಟ್ಟಿ ಕಳಿಸ್ಯಾಳ. ಒಂಬತ್ತು ವರ್ಷದ ಕೂಸು.

ಮತ್ತ ಆ ಸೋಮವಾರ? ನಾ ಅಕೀನ ಸಾಲಿನಿಂದ ಹೊರಗ ಎಳದು "ಇದು" ಅಂದಾಗ, ಸುನಂದಾ ಅಕಿ ಹಿಂದಽ ನಿಂತಿದ್ಳು. ನಿಷತ ಒಮ್ಮೆ ಹೊಳ್ಳಿ ನೋಡಿದ್ಳು. ನನ್ನ ನೋಡಲಿಲ್ಲ, ಸುನಂದಾನ ನೋಡಿದ್ಳು. ಬಾಯಿ ಬಿಡಲಿಲ್ಲ. ಮನಿಗೆ ಬಂದು ನಿಮಗ ಹೇಳಿದ್ಳು, ಅಲ್ಲೇನ್ರಿ? ನೀವೂ ಬಾಯಿ ಬಿಡಲಿಲ್ಲ. ಗಾದಿ ಸುಡೂಮುಂದ ನೀವು ಅಲ್ಲೇ ನಿಂತಿದ್ರಿ, ಬೇವಿನ ಗಿಡದ ಕೆಳಗ. "ಅಕ್ಕೋರ ಮಗಳ ತಲಿ ಬಿಚ್ಚಿ ನೋಡ್ರಿ" ಅಂತ ಒಂದು ಮಾತು ಒದರಿದ್ರ... ಗೌಡ್ರ ಬೆಂಕಿ ಅರ್ಧಕ್ಕ ನಿಂದರತಿತ್ತು. ಯಾಕ ಅನಲಿಲ್ಲ? ನಂಬಂಗಿಲ್ಲಂತ? ಅಷ್ಟಽ?

ಗೋಣು ಅಲ್ಲಾಡಸ್ತೀರಿ. ಮತ್ತೇನು? ನಿಷತ ಬ್ಯಾಡ ಅಂದ್ಳಾ? ...ಸುನಂದಾನ್ನೂ ಹಂಗಽ ನಿಂದರಿಸ್ತಾರ ಅಂತ?

ಯಪ್ಪಾ...

ನನ್ನ ಮಗಳು ಅಷ್ಟು ವರ್ಷ ಕೇಳಿದ್ಳು ನನಗ. "ಯವ್ವಾ, ನಿಷತ ಯಾಕ ಸಾಲಿಗೆ ಬರ್ಲಿಲ್ಲ?" ನಾ ಅಂದೆ, "ಅವರಪ್ಪ ಬಿಡಿಸ್ಯಾನ. ಅವರು ಹಂಗಽ, ಹೆಣ್ಣುಹುಡುಗ್ಯಾರಿಗೆ ಕಲಸಂಗಿಲ್ಲ." ಹಿಂಗಂದೆ ನಾ. ಗೈಬುಸಾಬನ ಮ್ಯಾಲೆ ಹಾಕಿದೆ. ದವಾಖಾನ್ಯಾಗ ಏಳನೇ ದಿನ, ಜ್ವರದಾಗ, ಮತ್ತ ಕೇಳಿದ್ಳು. ಅವತ್ತೂ ಅದನ್ನಽ ಹೇಳಿದೆ. ಅಕಿ ಗ್ವಾಡೀ ಕಡೆ ಮಾರಿ ಮಾಡಿ ಮಲಗಿದ್ಳು.

ಮಷೀನು ನಿಂತೈತಿ. ಯಾವಾಗ ನಿಂತು? ...ಕೇಳ್ಯಾಳ. ಕೇಳ್ಲಿ. ಕೇಳಬೇಕಾದಾಕಿ ಅಕೀನಽ. ಓಢಣಿ ಈಗೂ ತಗೀವಲ್ಳಂತ, ಮನ್ಯಾಗೂ. ಆ ಜಾಗಾದಾಗ ಕೂದಲಾ ಬರಲೇ ಇಲ್ಲಂತ, ಅಬ್ದುಲರಜಾಕ ಹೇಳಿದ.

ಮೂರೂವರಿ ಆತು. ಸಹಿ... ಹೆಂಗ ಕೇಳ್ಲಿ ಈಗ? ಆದ್ರೂ ಕೇಳ್ತೇನಿ. ನನ್ನ ಮ್ಯಾಲಿನ ಸಿಟ್ಟು ಈ ಹಾಳೀ ಮ್ಯಾಲೆ ಬ್ಯಾಡ್ರಿ. ಹೆಬ್ಬಟ್ಟು ಒತ್ರಿ, ನಾ ಎದ್ದು ಹೋಗ್ತೇನಿ, ಮತ್ತ ಮಾರಿ ತೋರಸಂಗಿಲ್ಲ. ಇಲ್ಲಿ, ಪ್ಯಾಡ್ ಬಿಚ್ಚೇನಿ. ಕೆಳಗ, ಗೆರೀ ಮ್ಯಾಲೆ...

ಅದಲ್ರಿ. ಅದು ಎರಡನೇ ಹಾಳಿ. ಅದು ನಮ್ಮ ಸಾಲೀದು, ಅಲ್ಲಿ ನಿಮ್ಮದೇನಿಲ್ಲ. ಬೆರಳು ತಗೀರಿ...

ಏಳನೇ ಸಾಲು. "ಶಾಲೆ ಬಿಟ್ಟ ಕಾರಣ."

...ನಿಮಗ ಓದಾಕ ಬರ್ತೈತಿ?

ಯಾರು ಕಲಿಸಿದ್ರು? ಒಳಗ ಕೈ ಮಾಡ್ತೀರಿ. ನಿಷತ? ನಾಕನೇತ್ತೆ ಅರ್ಧಕ್ಕ ಬಿಟ್ಟ ಹುಡುಗಿ ತಾಯಿಗೆ ಕಲಿಸ್ಯಾಳ... ನಾ ಸ್ಟ್ಯಾಂಪ್ ಪ್ಯಾಡ್ ತಂದೇನಿ. ಮಸಿ ಹಾಕಿ.

ಅಂದ್ರ ನಾ ಹಾಳಿ ಹರವಿದಾಗಿಂದ ನೀವು ಈ ಸಾಲು ಓದಿಕೋತನಽ ಕುಂತೀರಿ. "ದೀರ್ಘ ಗೈರುಹಾಜರಿ." ನಾ ಇಲ್ಲಿ ಕುಂತು ತಪ್ಪು ಒಪ್ಪಗೋತೇನಿ, ಒಪ್ಪಗೋತೇನಿ ಅನ್ನಾಕತ್ತೇನಿ, ನನ್ನ ಕೈಲೆ ಬರದದ್ದು ನಿಮ್ಮ ಮಣಕಾಲ ಮುಂದ ಬಿದ್ದೈತಿ. ಮೊನ್ನಿ ಗುರುವಾರ ಬರದೇನಿ ಇದನ್ನ. ಮಗಳು ಸತ್ತಮ್ಯಾಲೂ ಹಿಂಗಽ ಬರದೇನಿ. ಅಕೀನಽ ಬರಲಿಲ್ಲ, ತಾನಽ ತಪ್ಪಿಸಿದ್ಳು, ಅಂತ.

ನೋಡ್ರಿ, ಹಿಂಗಽ ಇದ್ರ ಫಾರ್ಮು ತಗೋತಾರ. ಯಾರೂ ಕೇಳಂಗಿಲ್ಲ. ತಿದ್ದಿದ್ರ ಕೇಳ್ತಾರ. ತಿದ್ದಿದ ಜಾಗಾದ ಬಾಜೂಕ, ತಿದ್ದಿದವರು ಪೂರ್ತಿ ಹೆಸರು ಬರೀಬೇಕು. ಮೋಟು ಸಹಿ ನಡಿಯಂಗಿಲ್ಲ. ಬರದದ್ದು ಆಫೀಸಿನ್ಯಾಗ ಉಳೀತೈತಿ, ನಾ ಹ್ವಾದಮ್ಯಾಲೂ...

ಬೆರಳು ತಗೀವಲ್ರಿ ನೀವು.

ತಗೀರಿ. ಬರೀತೇನಿ. ಜಾಗಾ ಬೇಕಲ್ಲ ಬರ್ಯಾಕ.

ಒಂದಽ ಗೆರಿ, ನೆಟ್ಟಗ. ಹೊಡದೆ. ಮ್ಯಾಲೆ ಸಣ್ಣಗ ಬರದ್ರ ಹಿಡೀತೈತಿ. "ತರಗತಿ ಶಿಕ್ಷಕಿ..." ಈ ಪೆನ್ನು... "ತರಗತಿ ಶಿಕ್ಷಕಿ ತನ್ನ ಮಗಳ ರೋಗವನ್ನು ಮುಚ್ಚಿಟ್ಟು, ಈ ವಿದ್ಯಾರ್ಥಿನಿಯನ್ನು ಮನೆಗೆ ಕಳಿಸಿದ್ದರಿಂದ." ಬಾಜೂಕ, ವಿಜಯಶ್ರೀ ಖಂಡೆಪ್ಪ ಬಿರಾದಾರ. ತಾರೀಖು.

ಓದ್ರಿ. ನಿಧಾನ ಓದ್ರಿ, ಬಸ್ ಹ್ವಾದ್ರ ಹೋಗ್ಲಿ, ಆಫೀಸಿಗೆ ನಡಕೋತ ಹೋಗ್ತೇನಿ.

...ಏನು ಬೇಕು? ಪೆನ್ನು?

ತಗೋರಿ. ಪ್ಯಾಡ್ ಮುಚ್ಚತೇನಿ.